ಗಂಡನ ಸಹಿ

ಇತಿಹಾಸದ ಮೇಷ್ಟರಿಗೆ ಒಂದು ಚಟವಿರುತ್ತದೆ. ಯಾವ ಕಾನೂನು ಕಂಡರೂ ಅದರ ಅಪ್ಪ ಯಾರು, ಅಜ್ಜ ಯಾರು ಎಂದು ಹುಡುಕುವುದು. ಗಂಡನ ಮೂಲಕ ಬಂದ ಅಮೆರಿಕದ ಗ್ರೀನ್ ಕಾರ್ಡು ಮದುವೆ ಮುರಿದ ಮೇಲೂ ಉಳಿಯುತ್ತದೆಯೇ ಎಂಬ ಪ್ರಶ್ನೆ ಈಗ ನಮ್ಮಂಥ ಊರುಗಳ ಅಡಿಗೆಮನೆಯವರೆಗೂ ಬಂದಿದೆ. ಅದರ ವಂಶಾವಳಿಯನ್ನು ಹುಡುಕುತ್ತ ಹೋದ ನನಗೆ ಒಂದು ಸೋಜಿಗ ಕಂಡಿತು. ಈ ವಿಷಯದಲ್ಲಿ ಮುತ್ತಜ್ಜನ ಕಾಲದ ಕಾನೂನೇ ಮೊಮ್ಮಗನ ಕಾಲದ್ದಕ್ಕಿಂತ ಕರುಣೆಯದಾಗಿತ್ತು.

1855ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಅಲ್ಲಿನ ಪ್ರಜೆಯ ಕೈಹಿಡಿದ ಪರದೇಶದ ಹೆಣ್ಣು ತಾನೇ ತಾನಾಗಿ ಅಮೆರಿಕದ ಪ್ರಜೆಯಾಗುತ್ತಿದ್ದಳು. ಎಲ್ಲ ಹೆಣ್ಣುಮಕ್ಕಳಿಗೂ ಈ ಭಾಗ್ಯವಿರಲಿಲ್ಲ. ಪೌರತ್ವಕ್ಕೆ ಅರ್ಹರೆನಿಸಿದ ಜನಾಂಗದವಳಾಗಿರಬೇಕು, ಎಂದರೆ ಮುಖ್ಯವಾಗಿ ಬಿಳಿಯಳಾಗಿರಬೇಕು. 1907ರಲ್ಲಿ ಇದರ ಇನ್ನೊಂದು ಮುಖ ಕಾಣಿಸಿತು. ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳಬೇಕೆಂದಾಯಿತು.

ಕ್ಯಾಲಿಫೋರ್ನಿಯದ ಎಥೆಲ್ ಮೆಕೆಂಝಿ ಹುಟ್ಟಿ ಬೆಳೆದ ನಾಡು ಬಿಟ್ಟು ಹೋದವಳಲ್ಲ. ಮದುವೆಯಾದದ್ದು ಮಾತ್ರ ಒಬ್ಬ ಸ್ಕಾಟಿಷ್ ಗಾಯಕನನ್ನು. ಆ ರಾಜ್ಯದಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬಂದ ಮೇಲೆ ಹೆಸರು ನೋಂದಾಯಿಸಲು ಹೋದರೆ, ನೀನೀಗ ಬ್ರಿಟಿಷ್ ಪ್ರಜೆ ಎಂದು ತಿರುಗಿ ಕಳಿಸಿದರು. ಸುಪ್ರೀಂ ಕೋರ್ಟಿನ ತನಕ ಹೋದಳು. 1915ರಲ್ಲಿ ಅಲ್ಲೂ ಸೋತಳು.

ಆದರೆ ಅದೇ 1907ರ ಕಾನೂನಿನಲ್ಲಿ ವಿಚ್ಛೇದನದ ಬಗ್ಗೆ ಏನಿತ್ತು ನೋಡಿ. ಮದುವೆಯಿಂದ ಪೌರತ್ವ ಪಡೆದ ಪರದೇಶದ ಹೆಣ್ಣು ಸಂಬಂಧ ಮುರಿದ ಮೇಲೂ ಅಮೆರಿಕದಲ್ಲೇ ಇದ್ದರೆ, ತಾನಾಗಿ ಬೇಡವೆನ್ನದ ಹೊರತು ಆ ಪೌರತ್ವ ಅವಳದೇ. ಕಳೆದುಕೊಂಡಿದ್ದ ಅಮೆರಿಕದ ಹೆಣ್ಣಿಗೂ ಮದುವೆ ಮುಗಿದರೆ ಅದನ್ನು ಮರಳಿ ಪಡೆಯುವ ದಾರಿಯಿತ್ತು. ಹೆಣ್ಣಿಗೆ ಸ್ವಂತ ಅಸ್ತಿತ್ವವಿಲ್ಲವೆಂದೇ ನಂಬಿದ್ದ ಕಾಲ ಅದು. ಆದರೂ ಗಂಡ ಬಿಟ್ಟವಳನ್ನು ದೇಶದಿಂದ ಹೊರಗೆ ಹಾಕುವ ಯೋಚನೆ ಅವರಿಗೆ ಹೊಳೆದಿರಲಿಲ್ಲ.

1922ರ ಕೇಬಲ್ ಕಾಯಿದೆ ಗಂಡನ ಪೌರತ್ವಕ್ಕೂ ಹೆಂಡತಿಯದಕ್ಕೂ ಇದ್ದ ಗಂಟನ್ನು ಬಹುಮಟ್ಟಿಗೆ ಬಿಡಿಸಿತು. ನಮ್ಮವರನ್ನು ಮದುವೆಯಾದವರಿಗೆ ಮಾತ್ರ ಅದರಿಂದ ಉಪಯೋಗವಾಗಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪಾಯಿತು. ಅಂಥ ಗಂಡಸನ್ನು ಮದುವೆಯಾದ ಅಮೆರಿಕದ ಹೆಣ್ಣು 1931ರವರೆಗೂ ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು.

ಈಗಿನ ಸಂಕಟದ ಬೇರು ಇರುವುದು 1986ರಲ್ಲಿ. ಅಲ್ಲಿಯವರೆಗೆ ಗ್ರೀನ್ ಕಾರ್ಡು ಕೈಗೆ ಬಂತೆಂದರೆ ಅದಕ್ಕೆ ಷರತ್ತು ಇರಲಿಲ್ಲ. ಮೋಸದ ಮದುವೆಯೆಂಬ ಸಂಶಯ ಬಂದರೆ ವಿಚಾರಣೆ ಮಾಡುತ್ತಿದ್ದರು. 1985ರಲ್ಲಿ ವಲಸೆ ಇಲಾಖೆಯವರು ಸೆನೆಟ್ಟಿನ ಮುಂದೆ, ಇಂಥ ಮದುವೆಗಳಲ್ಲಿ ಶೇಕಡಾ 30ರಷ್ಟು ಅನುಮಾನದವು ಎಂದು ಹೇಳಿದರು. ಎಣಿಸಿದ್ದು ಅನುಮಾನಗಳನ್ನೇ ಹೊರತು ಸಾಬೀತಾದ ಮೋಸಗಳನ್ನಲ್ಲ ಎಂಬುದು ಹೊರಬೀಳುವ ಹೊತ್ತಿಗೆ ಕಾನೂನು ಆಗಿಹೋಗಿತ್ತು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಗ್ರೀನ್ ಕಾರ್ಡು ಬಂದರೆ ಅದು ಎರಡು ವರ್ಷದ್ದು ಮಾತ್ರ. ಅವಧಿ ಮುಗಿಯುವ ಮೊದಲಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ ಅರ್ಜಿ ಕೊಡಬೇಕು.

ಆ ಒಂದು ಸಹಿ ಎಂಥ ಆಯುಧವಾಗಬಲ್ಲದೆಂದು ನಾನು ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿಯಿಂದ. ಒಂದು ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಝೆರಾಕ್ಸ್ ಪ್ರತಿಗಳನ್ನು ತುಂಬಿಕೊಂಡು ಬಂದರು. "ಅಕ್ಕೋರೇ, ಸೋಡಚೀಟಿ ಆದ್ರೆ ನಮ್ಮ ಹುಡುಗೀನ ಅಲ್ಲಿಂದ ಓಡಿಸ್ತಾರಂತೆ, ಹೌದಾ?" ಅಳಿಯ ಅಲ್ಲಿನ ಪ್ರಜೆ. ಜಗಳವಾದಾಗಲೆಲ್ಲ ಅವನ ಕಡೆಯ ಮಾತು ಒಂದೇ: ನಾನು ಸಹಿ ಹಾಕದಿದ್ದರೆ ನೀನಿಲ್ಲಿ ಯಾರು? ಹುಡುಗಿ ಅದನ್ನು ಹದಿನಾಲ್ಕು ತಿಂಗಳು ನಂಬಿದ್ದಳು.

1986ರ ಹೆಂಡತಿಯಾಗಿದ್ದರೆ ಆ ಮಾತು ಬಹುಪಾಲು ನಿಜವಾಗಿರುತ್ತಿತ್ತು. ಸಹಿಯಿಲ್ಲದೆ ಅರ್ಜಿ ಹಾಕಲು ಆಗಲೂ ಒಂದು ಕಿಂಡಿಯಿತ್ತು. ಆದರೆ ತಕ್ಕ ಕಾರಣ ತೋರಿಸಿ ಅವಳೇ ವಿಚ್ಛೇದನ ಪಡೆದಿರಬೇಕಿತ್ತು. ಗಂಡ ಮೊದಲು ಕೋರ್ಟಿಗೆ ಓಡಿ ವಿಚ್ಛೇದನ ತಂದರೆ ಆ ಕಿಂಡಿ ಮುಚ್ಚಿತು! ಭಾರತದ ಮತ್ತು ನೆರೆದೇಶಗಳ ಹೆಣ್ಣುಮಕ್ಕಳಿಗಾಗಿ ನ್ಯೂಜೆರ್ಸಿಯಲ್ಲಿ 'ಮಾನವಿ' (1985), ನ್ಯೂಯಾರ್ಕಿನಲ್ಲಿ 'ಸಖಿ' (1989) ಹುಟ್ಟಿದ್ದು ಇದೇ ಕಾಲದಲ್ಲಿ. 1990ರಲ್ಲಿ ಆ ಕಾನೂನು ತಿದ್ದುಪಡಿಯಾಯಿತು. ವಿಚ್ಛೇದನ ಯಾರು ತಂದರೆಂಬುದು ಮುಖ್ಯವಲ್ಲ, ಮದುವೆ ನಿಜವಾದದ್ದೇ ಎಂಬುದು ಮುಖ್ಯ. ಗಂಡನ ಹೊಡೆತ, ಹಿಂಸೆ ಸಹಿಸಿದವಳಿಗೆ ವಿಚ್ಛೇದನಕ್ಕೆ ಮುಂಚೆಯೇ ಒಬ್ಬಳೇ ಅರ್ಜಿ ಕೊಡುವ ಹಕ್ಕೂ ಬಂತು. ಇನ್ನೂ ಕಾರ್ಡೇ ಬಾರದೆ, ಗಂಡ ಅರ್ಜಿಯನ್ನೇ ಹಾಕದೆ ಸತಾಯಿಸುತ್ತಿದ್ದರೆ ಅಂಥವಳು ತಾನೇ ಅರ್ಜಿ ಹಾಕಬಹುದೆಂದದ್ದು 1994ರ ಕಾಯಿದೆ. ಗಂಡ ಪ್ರಜೆಯೋ ಗ್ರೀನ್ ಕಾರ್ಡುದಾರನೋ ಆಗಿರಬೇಕು, ಅಷ್ಟೆ.

ನಮ್ಮ ಹುಡುಗಿಗೆ ಬೇಕಾದದ್ದು ವಿಚ್ಛೇದನದ ಆದೇಶ ಮತ್ತು ಮದುವೆ ನಾಟಕವಲ್ಲವೆಂಬ ಪುರಾವೆ. ಇಬ್ಬರ ಹೆಸರಿನ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ತೆರಿಗೆ ಕಾಗದ, ಫೋಟೋಗಳು. ತಾಯಿ ಇಲ್ಲಿಂದ ಲಗ್ನಪತ್ರಿಕೆಯನ್ನೂ ಛತ್ರದ ರಸೀದಿಯನ್ನೂ ಕಳಿಸಿದರು. ಮುರಿದ ಮದುವೆ ನಿಜವಾದ ಮದುವೆಯೇ ಆಗಿತ್ತೆಂದು ಸಾಬೀತು ಮಾಡಲು ಅವರು ಮಂಚದ ಕೆಳಗಿನ ಟ್ರಂಕನ್ನೆಲ್ಲ ಬಗೆದದ್ದನ್ನು ನೋಡಿ ನನಗೆ ಹೊಟ್ಟೆ ಕಿವುಚಿತು. ಅರ್ಜಿ ಮಂಜೂರಾಗಿ ಹತ್ತು ವರ್ಷದ ಕಾರ್ಡು ಬಂತು. ಹೆಂಡತಿಯಾಗಿಯೇ ಉಳಿದಿದ್ದರೆ ಪೌರತ್ವಕ್ಕೆ ಮೂರು ವರ್ಷ ಸಾಕಿತ್ತು. ಈಗ ಐದು ಕಾಯಬೇಕು.

ಇವಳದು ಗ್ರೀನ್ ಕಾರ್ಡಾದರೂ ಕೈಗೆ ಬಂದಿತ್ತು. ನಮ್ಮ ಕಡೆಯಿಂದ ಹೋಗುವ ಎಷ್ಟೋ ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿರುವುದು ಹೆಚ್-4 ವೀಸಾ. ಗಂಡನ ಹೆಚ್-1ಬಿ ಕೆಲಸದ ಬಾಲ ಹಿಡಿದು ಬಂದದ್ದು. ಗಂಡ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡುದಾರನೂ ಅಲ್ಲ. ಹಾಗಾಗಿ 1990ರ ರಿಯಾಯಿತಿಯಾಗಲಿ 1994ರ ಸ್ವಂತ ಅರ್ಜಿಯಾಗಲಿ ಇವರಿಗೆ ಅನ್ವಯಿಸುವುದಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಭಾರತೀಯರು ಹತ್ತು ವರ್ಷಕ್ಕೂ ಮಿಕ್ಕಿ ಕಾಯುತ್ತಾರೆ. ಅಷ್ಟು ಕಾಲ ಜೊತೆಗೆ ಕಾದ ಹೆಂಡತಿ, ಕಾರ್ಡು ಮಂಜೂರಾಗುವ ಹಿಂದಿನ ದಿನ ವಿಚ್ಛೇದನವಾದರೂ ಸಾಲಿನಿಂದ ಹೊರಗೆ. ಮಂಜೂರಾದ ಮರುದಿನವಾದರೆ ಕಾರ್ಡು ಅವಳದೇ.