ಕಾರನ್ನು ಹೊರಗೇ ನಿಲ್ಲಿಸಿದ ಊರುಗಳು

1972ರ ಜುಲೈ 21, ಶುಕ್ರವಾರ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಒಂದೂವರೆ ಗಂಟೆಯೊಳಗೆ ಸುಮಾರು 20 ಬಾಂಬು ಸಿಡಿದು 9 ಜನ ಸತ್ತರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಸಶಸ್ತ್ರ ಹೋರಾಟಕ್ಕಿಳಿದಿದ್ದ ಐಆರ್‌ಎ ಸಂಘಟನೆ ಹಲವು ಬಾಂಬುಗಳನ್ನು ಕಾರುಗಳಲ್ಲಿಟ್ಟಿತ್ತು. ಗಾಡಿ ನಿಲ್ಲಿಸಿ, ಇಳಿದು, ಜನರ ನಡುವೆ ಕರಗಿಹೋದರೆ ಕೆಲಸ ಮುಗಿಯಿತು.

ಹಾಗಾದರೆ ಕಾರೇ ಒಳಗೆ ಬರದಂತೆ ಮಾಡೋಣ ಎಂದಿತು ಆಡಳಿತ. ಮೊದಲು ಮುಳ್ಳುತಂತಿ, ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಪೇಟೆಯ ಸುತ್ತ ಆಳೆತ್ತರ ಮೀರಿದ ಉಕ್ಕಿನ ಗೇಟುಗಳು. ಅದಕ್ಕೆ ‘ರಿಂಗ್ ಆಫ್ ಸ್ಟೀಲ್’ ಎಂಬ ಹೆಸರು ಬಿತ್ತು. ಗೇಟಿನಲ್ಲಿ ಮೈ ತಡವಿ ಬಿಡುತ್ತಿದ್ದರು, ಅಂಗಡಿ ಬಾಗಿಲಲ್ಲಿ ಇನ್ನೊಮ್ಮೆ ಚೀಲ ನೋಡುತ್ತಿದ್ದರು. ಯಾರೂ ಕೇಳುವ ಮೊದಲೇ ವ್ಯಾನಿಟಿ ಬ್ಯಾಗಿನ ಜಿಪ್ ಎಳೆದು ಹಿಡಿಯುವುದು ಅಲ್ಲಿನ ಹೆಂಗಸರಿಗೆ ರೂಢಿಯಾಗಿಬಿಟ್ಟಿತು. ಪೇಟೆಯೊಳಗೆ ಕಾರ್ ಬಾಂಬಿಡುವುದು ಕಷ್ಟವಾಯಿತು, ನಿಜ. ಆದರೆ ಸಿಗರೇಟು ಪ್ಯಾಕಿನಷ್ಟು ಚಿಕ್ಕ ಬೆಂಕಿಬಾಂಬು ಜೇಬಿನಲ್ಲೇ ಗೇಟು ದಾಟುತ್ತಿತ್ತು. ಸಂಜೆಯಾದರೆ ಪೇಟೆ ಬಿಕೋ ಎನ್ನುತ್ತಿತ್ತು. ಈ ಬೆಲೆಯನ್ನು ಯಾವ ಪೊಲೀಸ್ ಲೆಕ್ಕದಲ್ಲೂ ಬರೆಯುವುದಿಲ್ಲ.

ಇದೇ ಉಪಾಯ ಇಪ್ಪತ್ತು ವರ್ಷದ ಮೇಲೆ ಲಂಡನ್ನಿಗೆ ಹೋಯಿತು. 1993ರ ಏಪ್ರಿಲ್ 24ರಂದು ಬ್ಯಾಂಕುಗಳ ಬೀದಿಯಾದ ಬಿಷಪ್ಸ್‌ಗೇಟಿನಲ್ಲಿ ಸುಮಾರು ಒಂದು ಟನ್ ಸ್ಫೋಟಕ ತುಂಬಿದ್ದ ಟಿಪ್ಪರ್ ಸಿಡಿಯಿತು. ಒಬ್ಬ ಛಾಯಾಗ್ರಾಹಕ ಸತ್ತ. ಮಧ್ಯಯುಗದ ಸೇಂಟ್ ಎಥೆಲ್‌ಬರ್ಗಾ ಚರ್ಚು ಕುಸಿಯಿತು. ಆ ಜುಲೈನಲ್ಲಿ ಹಲವು ಬೀದಿಗಳನ್ನು ಮುಚ್ಚಿ, ಬೆರಳೆಣಿಕೆಯ ದಾರಿಗಳಲ್ಲಿ ಮಾತ್ರ ವಾಹನ ಬಿಟ್ಟು, ಅಲ್ಲೆಲ್ಲ ಪೊಲೀಸರನ್ನು ನಿಲ್ಲಿಸಿದರು. ಇದನ್ನೂ ‘ರಿಂಗ್ ಆಫ್ ಸ್ಟೀಲ್’ ಎಂದೇ ಕರೆದರು. ಮೊದಮೊದಲು ಅಲ್ಲಿದ್ದದ್ದು ಪ್ಲಾಸ್ಟಿಕ್ ಕೋನುಗಳು, ಹೆಸರು ಮಾತ್ರ ಉಕ್ಕಿನದು!

ಆದರೂ ಐಆರ್‌ಎ ಕೈಕಟ್ಟಿ ಕೂರಲಿಲ್ಲ. 1996ರ ಫೆಬ್ರವರಿಯಲ್ಲಿ ಈ ವಲಯದ ಹೊರಗಿನ ಡಾಕ್‌ಲ್ಯಾಂಡ್ಸಿನಲ್ಲಿ ಲಾರಿ ಸಿಡಿಸಿ ಇಬ್ಬರನ್ನು ಕೊಂದಿತು. ಜೂನ್‌ನಲ್ಲಿ ಮ್ಯಾಂಚೆಸ್ಟರಿನ ಪೇಟೆಯನ್ನೇ ಒಡೆಯಿತು. ಬೇಲಿ ಬೇಲಿಯೊಳಗಿನವರನ್ನು ಕಾಯ್ದಿತ್ತು, ಅಷ್ಟೆ.

ಹಾಗೆಂದು ಬೇಲಿ ದಂಡ ಎನ್ನಲು ಗ್ಲಾಸ್ಗೊ ಬಿಡುವುದಿಲ್ಲ. 2007ರ ಜೂನ್ 30ರಂದು ಗ್ಯಾಸ್ ಸಿಲಿಂಡರು ತುಂಬಿದ ಜೀಪೊಂದು ಅಲ್ಲಿನ ವಿಮಾನ ನಿಲ್ದಾಣದ ಬಾಗಿಲಿಗೆ ನುಗ್ಗಿತು. ಓಡಿಸುತ್ತಿದ್ದವನು ಬೆಂಗಳೂರಿನ, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದಿದ್ದ ಕಫೀಲ್ ಅಹ್ಮದ್. ಬಾಗಿಲ ಮುಂದಿನ ತಡೆಗಂಬಗಳು ಜೀಪನ್ನು ಒಳಗೆ ಹೋಗಗೊಡಲಿಲ್ಲ. ಒಳಗೆ ಬೇಸಿಗೆ ರಜೆಯ ಪ್ರಯಾಣಿಕರು ಕಿಕ್ಕಿರಿದಿದ್ದರು. ಕೊನೆಗೆ ಸತ್ತವನು ಸುಟ್ಟಗಾಯಗಳಿಂದ ನರಳಿದ ಕಫೀಲನೊಬ್ಬನೇ.

ತಡೆಯಿಲ್ಲದ ಕಡೆ ಕಥೆ ಬೇರೆಯೇ ಆಯಿತು. 2017ರ ಮಾರ್ಚಿನಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಪಾದಚಾರಿಗಳ ಮೇಲೆ ಕಾರು ಹರಿಯಿತು. ಹತ್ತು ವಾರ ಕಳೆದು, ಜೂನ್ 3ರ ರಾತ್ರಿ ಲಂಡನ್ ಬ್ರಿಜ್ಜಿನ ಪಾದಚಾರಿಗಳ ಮೇಲೆ ವ್ಯಾನು ಹರಿಯಿತು. ಇಳಿದ ಮೂವರು ಚಾಕು ಹಿಡಿದು ಓಡಿದರು. ಆ ರಾತ್ರಿಯ ದಾಳಿಯಲ್ಲಿ ಒಟ್ಟು 8 ಜನ ಹತರಾದರು. ಚಾಕುವಿಗೆ ಯಾವ ಕಂಬವೂ ಅಡ್ಡವಲ್ಲ, ವ್ಯಾನಿಗಾದರೂ ಅಡ್ಡವಿರಬೇಕಿತ್ತು. ಕೆಲವೇ ದಿನಗಳಲ್ಲಿ ಸೇತುವೆಗಳ ಪಾದಚಾರಿ ಹಾದಿಯ ಅಂಚಿಗೆ ತಡೆಗೋಡೆ ಬಂತು. ಮೊದಲ ದಾಳಿಯಾದ ಮೇಲೂ ಅದೇಕೆ ಇರಲಿಲ್ಲ ಎಂದು 2019ರಲ್ಲಿ ಸಾವಿನ ವಿಚಾರಣೆ ನಡೆಸಿದ ನ್ಯಾಯಾಧಿಕಾರಿ ಆಡಳಿತವನ್ನು ತರಾಟೆಗೆ ತೆಗೆದುಕೊಂಡರು.