ಕಲ್ಲಚ್ಚಿನಿಂದ ಇನ್‌ಪೇಜ್‌ವರೆಗೆ: ನಸ್ತಾಲಿಕ್ ಲಿಪಿ ಮಷೀನಿಗೆ ಒಗ್ಗಿದ ಕತೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕನ್ನಡ, ಉರ್ದು ಎರಡೂ ಇರೋ ಲಗ್ನಪತ್ರಿಕೆ ನೀವು ನೋಡಿರ್ತೀರಿ. ಡಿಟಿಪಿ ಮಾಡೋರಿಗೆ ಕನ್ನಡಕ್ಕೆ ನುಡಿ ಬೇಕು, ಉರ್ದುವಿಗೆ ಇನ್‌ಪೇಜ್. ಈ ಇನ್‌ಪೇಜ್ ಯಾಕೆ ಬೇಕಾತು ಅನ್ನೋದೇ ಇವತ್ತಿನ ವಿಷಯ.

ಉರ್ದು ಬರೆಯೋದು ಪರ್ಷಿಯನ್ ಲಿಪಿಯಲ್ಲಿ, ಅದರಲ್ಲೂ ನಸ್ತಾಲಿಕ್ ಶೈಲಿಯಲ್ಲಿ. ಇಲ್ಲಿ ಅಕ್ಷರಗಳು ಸಾಲಿನ ಮೇಲೆ ನೆಟ್ಟಗೆ ಕೂಡುವುದಿಲ್ಲ, ಬಲದಿಂದ ಎಡಕ್ಕೆ ಓರೆಯಾಗಿ ಕೆಳಗಿಳಿಯುತ್ತವೆ. ಪಕ್ಕದ ಅಕ್ಷರ ಬದಲಾದರೆ ಇದರ ಆಕಾರವೂ ಬದಲು. ನಮ್ಮ ಒತ್ತಕ್ಷರಕ್ಕೇ ಮೊಳೆ ಜೋಡಿಸೋರು ಬೆವರು ಸುರಿಸಿದ್ದರು, ಇನ್ನು ಇದು! ಚಾರ್ಲ್ಸ್ ವಿಲ್ಕಿನ್ಸ್ 18ನೇ ಶತಮಾನದ ಕೊನೆಗೇ ಬಂಗಾಳದಲ್ಲಿ ನಸ್ತಾಲಿಕ್ ಮೊಳೆ ಮಾಡಿಸಿದ್ದ. ಅಚ್ಚಾತು ಖರೆ, ಕೈಬರಹದ ಓಟ ಬರಲಿಲ್ಲ. ಬಿ.ಕಾಂ. ಓದಿದ ನನಗೆ ಮೊದಲು ಕಾಣೋದು ಖರ್ಚು. ಅಷ್ಟು ಮೊಳೆ ಎರಕ ಹೊಯ್ಯಿಸಿದ್ರ ಪುಸ್ತಕದ ರೇಟು ಎಲ್ಲಿಗೆ ಹೋಗಬೇಕು?

ಪಾರು ಮಾಡಿದ್ದು ಕಲ್ಲು. ಕಲ್ಲಚ್ಚಿಗೆ ಮೊಳೆಯೇ ಬೇಡ. ಕಾತಿಬ, ಅಂದ್ರ ಲಿಪಿಕಾರ, ಜಿಡ್ಡಿನ ಶಾಯಿಯಲ್ಲಿ ಬರೆದದ್ದನ್ನು ಕಲ್ಲಿಗಿಳಿಸುತ್ತಾರೆ. ನೀರು ಸವರಿ ಮಸಿ ಹಚ್ಚಿದರೆ ಬರೆದ ಕಡೆ ಮಾತ್ರ ಹಿಡಿಯುತ್ತದೆ. 1858ರಲ್ಲಿ ಶುರುವಾದ ಲಖನೌದ ನವಲ್ ಕಿಶೋರ್ ಪ್ರೆಸ್ ಬೆಳೆದದ್ದೇ ಹೀಗೆ. ಅಂದಹಾಗೆ, 1843ರ ನಮ್ಮ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನದೇ! ಕನ್ನಡ ಮುಂದೆ ಮೊಳೆಗೆ ಹೊರಳಿತು. ಉರ್ದು ಪತ್ರಿಕೆಗಳು ಮಾತ್ರ 20ನೇ ಶತಮಾನದ ಕೊನೆಯವರೆಗೂ ಹೆಚ್ಚಾಗಿ ಕಾತಿಬರ ಕೈಯಲ್ಲೇ ಉಳಿದವು.

ಪಾಕಿಸ್ತಾನದ ಅಹ್ಮದ್ ಮಿರ್ಜಾ ಜಮೀಲ್ ಅನ್ನೋರು ಜೋಡಕ್ಷರ, ಮೂರಕ್ಷರದ ಗುಚ್ಛಗಳನ್ನೇ ಸುಮಾರು 20,000 ಬರೆದರು. ಕೈಯಾರೆ. ಅವನ್ನು ಮೊನೊಟೈಪ್ ಕಂಪನಿ ಮಷೀನಿಗೆ ಇಳಿಸಿತು. 1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆ ಆ ‘ನೂರಿ ನಸ್ತಾಲಿಕ್’ನಲ್ಲಿ ಹೊರಬಂತು. ಅದೇ ಅಕ್ಷರಗಳನ್ನು ಸಾಧಾರಣ ಪಿಸಿಗೆ ತಂದದ್ದು ಇನ್‌ಪೇಜ್, 1994ರಲ್ಲಿ, ದೆಹಲಿಯ ಕಂಪನಿಯೊಂದರಿಂದ. ಕಾತಿಬರ ಕೆಲಸ ಹೋತು. ಚೆನ್ನೈನ ‘ಮುಸಲ್ಮಾನ್’ ಪತ್ರಿಕೆ ಆಮೇಲೂ ಕೈಬರಹದಲ್ಲೇ ಬರುತ್ತಿತ್ತು.

ಇಲ್ಲೊಂದು ಪೇಚು. ಹಳೆಯ ಇನ್‌ಪೇಜ್ ತನ್ನದೇ ಸಂಕೇತದಲ್ಲಿ ಫೈಲ್ ಉಳಿಸುತ್ತಿತ್ತು. ಹಳೇ ನುಡಿ ಫೈಲು ಬೇರೆ ಕಂಪ್ಯೂಟರಿನಲ್ಲಿ ಕಲಸುಮೇಲೋಗರ ಆಗತದಲ್ಲ, ಹಂಗ. ಯೂನಿಕೋಡ್ ಅಕ್ಷರಕ್ಕೆ ನಂಬರು ಕೊಡುತ್ತದೆ, ಆಕಾರವನ್ನು ಫಾಂಟಿಗೆ ಬಿಡುತ್ತದೆ. ಗೂಗಲ್‌ನ ನೋಟೋ ನಸ್ತಾಲಿಕ್ ಬಂದದ್ದು 2014ರಲ್ಲಿ. ಅಷ್ಟರೊಳಗೆ ಹುಡುಗರು ವಾಟ್ಸಾಪಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಉರ್ದು ಬರೆಯೋದು ಕಲಿತಿದ್ದರು.

ನಿಮ್ಮ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ ಇನ್‌ಪೇಜ್ ಫೈಲು ಇದ್ರ ಯೂನಿಕೋಡಿಗೆ ತಿರುಗಿಸಿ ಇಡ್ರಿ. ಪರಿವರ್ತಕಗಳು ಸಿಗತಾವ. ಹಾರ್ಡ್‌ಡಿಸ್ಕ್ ಕೆಡೋಕ್ಕಿಂತ ಮೊದಲ ಆಗಬೇಕು.