ನಜರೇತಿನ ಮನೆಯ ರೊಟ್ಟಿ

ದಿನಕ್ಕೆ ಹಲವು ಬಾರಿ ಪರಲೋಕ ಮಂತ್ರವನ್ನು ಜಪಿಸುವ ನಾವು, ಅನುದಿನದ ಆಹಾರವನ್ನು ಬೇಡುವ ಸಾಲಿಗೆ ಬಂದಾಗ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂಗಡಿಯಲ್ಲಿ ಹಿಟ್ಟು ವರ್ಷವಿಡೀ ಒಂದೇ ತೆರನಾಗಿ ದೊರಕುತ್ತದೆ. ಬಲಿಪೂಜೆಯಲ್ಲಿ ಬಳಸುವ ತೆಳುವಾದ ಬಿಳಿಯ ರೊಟ್ಟಿಗೂ ಮಳೆಗಾಲ, ಬೇಸಿಗೆ ಎಂಬ ಭೇದವಿಲ್ಲ. ಆದರೆ ಈ ಪ್ರಾರ್ಥನೆಯನ್ನು ಕಲಿಸಿದ ಪ್ರಭು ಬೆಳೆದ ನಾಡಿನಲ್ಲಿ ರೊಟ್ಟಿಗೆ ಋತುಗಳಿದ್ದವು. ಯಾವ ತಿಂಗಳು ಯಾವ ಧಾನ್ಯ, ಎಷ್ಟು ರೊಟ್ಟಿ, ಹಿಟ್ಟು ಎಷ್ಟು ಹೊತ್ತಿಗೆ ಉಬ್ಬೀತು ಎಂಬುದನ್ನೆಲ್ಲ ಆಕಾಶವೇ ನಿರ್ಧರಿಸುತ್ತಿತ್ತು.

1908ರಲ್ಲಿ ಗೆಜೆರ್ ಎಂಬ ಪ್ರಾಚೀನ ನಗರದ ಉತ್ಖನನದಲ್ಲಿ ಅಂಗೈಯಲ್ಲಿ ಹಿಡಿಯಬಹುದಾದಷ್ಟು ಚಿಕ್ಕದೊಂದು ಸುಣ್ಣಕಲ್ಲಿನ ಫಲಕ ದೊರೆಯಿತು. ಕ್ರಿ.ಪೂ. 10ನೆಯ ಶತಮಾನದ್ದೆಂದು ಗುರುತಿಸಲಾದ ಅದು ಈಗ ಇಸ್ತಾಂಬುಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ರಾಜರ ಹೆಸರಿಲ್ಲ, ಯುದ್ಧದ ವಾರ್ತೆಯಿಲ್ಲ. ಎರಡು ತಿಂಗಳು ಫಲಸಂಗ್ರಹ, ಎರಡು ತಿಂಗಳು ಬಿತ್ತನೆ, ಎರಡು ತಿಂಗಳು ತಡಬಿತ್ತನೆ, ನಾರಗಸೆಯ ಕೊಯ್ಲಿಗೊಂದು ತಿಂಗಳು, ಜವೆಗೋದಿಯ ಕೊಯ್ಲಿಗೊಂದು ತಿಂಗಳು – ಹೀಗೆ ಸಾಗುವ ಬೇಸಾಯದ ಪಂಚಾಂಗವದು. ಪ್ರಭು ಯೇಸುವಿನ ಕಾಲಕ್ಕೆ ಸಾವಿರ ವರ್ಷ ಕಳೆದಿತ್ತು, ರೋಮನರು ಬಂದಿದ್ದರು. ಆದರೆ ಮಳೆಯ ಕ್ರಮ ಬದಲಾಗಿರಲಿಲ್ಲವಾದ್ದರಿಂದ ರೈತನ ಪಂಚಾಂಗವೂ ಬದಲಾಗಿರಲಿಲ್ಲ.

ಅಕ್ಟೋಬರ್, ನವೆಂಬರ್ ತಿಂಗಳ ಮುಂಗಾರಿಗೆ ಬಿತ್ತನೆ. ಚಳಿಗಾಲ ಮುಗಿಯುವ ಹೊತ್ತಿಗೆ ಮನೆಯ ಮಡಕೆಯಲ್ಲಿ ಹಳೆಯ ಧಾನ್ಯ ತಳ ಕಾಣುವ ಕಾಲ. ಏಪ್ರಿಲ್ ವೇಳೆಗೆ ಮೊದಲು ಮಾಗುವುದು ಜವೆಗೋದಿ. ಗೋದಿ ಮಾಗಲು ಇನ್ನೂ ಕೆಲವು ವಾರ ಬೇಕು. ಜವೆಗೋದಿಯ ರೊಟ್ಟಿ ಒರಟು, ಬೇಗ ಗಟ್ಟಿಯಾಗುವಂಥದ್ದು, ಬಡವರ ಪಾಲಿನದು. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಯೆಹೂದ್ಯರ ಮಿಷ್ನಾ ಗ್ರಂಥವು, ಪತಿಯಿಂದ ದೂರವಿರುವ ಪತ್ನಿಯ ವಾರದ ಜೀವನಾಂಶವನ್ನು ಗೋದಿಯಾದರೆ ಎರಡು ಕಾಬ್, ಜವೆಗೋದಿಯಾದರೆ ನಾಲ್ಕು ಕಾಬ್ ಎಂದು ಗೊತ್ತುಪಡಿಸುತ್ತದೆ. ಸಂತ ಯೊವಾನ್ನರ ಶುಭಸಂದೇಶದಲ್ಲಿ ಹುಡುಗನ ಕೈಯಲ್ಲಿದ್ದ ಐದು ರೊಟ್ಟಿಗಳು ಜವೆಗೋದಿಯವು. ಪಾಸ್ಖಹಬ್ಬವು ಹತ್ತಿರವಿತ್ತೆಂದೂ ಅದೇ ಅಧ್ಯಾಯ ಹೇಳುತ್ತದೆ. ಕಾಲವೂ ಧಾನ್ಯವೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಆದರೆ ಪೈರು ಮಾಗಿತೆಂದು ಕೂಡಲೇ ತಿನ್ನುವಂತಿರಲಿಲ್ಲ. ಮೊದಲ ಸಿವುಡನ್ನು ದೇವರಿಗೆ ಅರ್ಪಿಸುವ ತನಕ ಹೊಸ ಧಾನ್ಯದ ರೊಟ್ಟಿಯಾಗಲಿ, ಹುರಿದ ಕಾಳಾಗಲಿ ಕೂಡದೆಂದು ಯಾಜಕಕಾಂಡದ ಕಟ್ಟಳೆ. ಬರಿದಾದ ಮಡಕೆಯ ಮುಂದೆ ಕುಳಿತ ತಾಯಿಗೆ, ಹೊಲದಲ್ಲಿ ತೂಗುವ ತೆನೆಯನ್ನು ನೋಡುತ್ತ ಕಾಯುವುದು ಸುಲಭದ ಮಾತಾಗಿರಲಾರದು. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿಕೊಂಡು ಮನೆಗೆ ತಂದು, ಅದರ ಕಾಳನ್ನು ಪಾಯಸದಲ್ಲೋ ಹಾಲಿನಲ್ಲೋ ಬೆರೆಸಿ ಉಣ್ಣುವ ನಮ್ಮ ಕರಾವಳಿಯ ಕುಟುಂಬಗಳಿಗೆ ಈ ಕಟ್ಟಳೆಯ ಸೊಗಸನ್ನು ವಿವರಿಸಬೇಕಾಗಿಲ್ಲ.

ಹುಳಿಹಿಟ್ಟಿನ ವಿಷಯವೂ ಋತುವಿಗೆ ಸೇರಿದ್ದೇ. ನಿನ್ನೆ ನಾದಿದ ಹಿಟ್ಟಿನ ಒಂದು ಮುದ್ದೆಯನ್ನು ತೆಗೆದಿಟ್ಟು ಇಂದಿನ ಹಿಟ್ಟಿಗೆ ಬೆರೆಸುವುದು ರೂಢಿ. ಅದರಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆಯೆಂದು ಲೋಕಕ್ಕೆ ಸ್ಪಷ್ಟವಾದದ್ದು 19ನೆಯ ಶತಮಾನದಲ್ಲಿ, ಲೂಯಿ ಪಾಶ್ಚರ್ ಮುಂತಾದವರ ಶೋಧನೆಯಿಂದ. ಗಲಿಲೇಯದ ಗೃಹಿಣಿಗೆ ಆ ಶಾಸ್ತ್ರ ತಿಳಿದಿರಲಿಲ್ಲ. ಬೆಟ್ಟದೂರಿನ ಚಳಿಗೆ ಹಿಟ್ಟು ನಿಧಾನವಾಗಿ ಉಬ್ಬುವುದು, ಸೆಕೆಗೆ ಬೇಗನೆ ಹುಳಿಯುವುದು ಮಾತ್ರ ಕೈಗೆ ತಿಳಿದಿತ್ತು. ಸನ್ನಣಕ್ಕೆ ಕಳ್ಳು ಬೆರೆಸಿ ಕಾದ ನಮ್ಮ ಅಜ್ಜಿಯಂದಿರಂತೆಯೇ. ಪಾಸ್ಖ ಬಂದಾಗ ಆ ಹಳೆಯ ಮುದ್ದೆಯನ್ನು ಮನೆಯಿಂದ ಹೊರಹಾಕಬೇಕು, ಏಳು ದಿನ ಹುಳಿಯಿಲ್ಲದ ರೊಟ್ಟಿ. ಐಗುಪ್ತದಿಂದ ಅವಸರದಲ್ಲಿ ಹೊರಟ ನೆನಪು ಅದು; ಹಳೆಯ ಬೆಳೆಯ ಹುಳಿ ಹೊಸ ಬೆಳೆಗೆ ತಾಗದಿರಲೆಂಬ ರೈತರ ಪದ್ಧತಿಯೂ ಅದರಲ್ಲಿ ಬೆರೆತಿದೆಯೆಂದು ಅನೇಕ ಬೈಬಲ್ ಪಂಡಿತರ ಅಭಿಪ್ರಾಯ. ಐವತ್ತನೆಯ ದಿನಕ್ಕೆ ಗೋದಿಯ ಕೊಯ್ಲು. ಅಂದು ದೇವಾಲಯಕ್ಕೆ ಅರ್ಪಿತವಾಗುತ್ತಿದ್ದ ಎರಡು ರೊಟ್ಟಿಗಳು ಹುಳಿಹಾಕಿ ಸುಟ್ಟವು. ಇದೇ ಪಂಚಾಶತ್ತಮ ಹಬ್ಬ.

ಮಳೆ ನಿಂತ ಮೇಲೆ ಬಿಸಿಗಾಳಿಗೆ ಗುಡ್ಡದ ಹೂವು, ಹುಲ್ಲು ಕೆಲವೇ ದಿನಗಳಲ್ಲಿ ಒಣಗುತ್ತವೆ. ಸೌದೆ ವಿರಳವಾದ ಆ ನಾಡಿನಲ್ಲಿ ಮಣ್ಣಿನ ಒಲೆಗೆ ಅದೇ ಉರುವಲು. ಇಂದು ಅರಳಿ ನಾಳೆ ಒಲೆಗೆ ಬೀಳುವ ಹುಲ್ಲಿನ ಬಗ್ಗೆ ಪ್ರಭು ನುಡಿದದ್ದು ತಾಯಿಯ ಅಡಿಗೆಮನೆಯ ನೆನಪಿನಿಂದಲೇ ಇರಬೇಕೆಂದು ನನಗೆ ಅನಿಸುತ್ತದೆ. ಬರಗಾಲದ ಭೀಕರತೆಯನ್ನು ಹೇಳಲು ಯಾಜಕಕಾಂಡ ಬಳಸುವುದೂ ಒಲೆಯನ್ನೇ: ಹತ್ತು ಹೆಂಗಸರ ರೊಟ್ಟಿಗೆ ಒಂದೇ ಒಲೆ ಸಾಕಾಗುವುದಂತೆ.

ಈ ಎಲ್ಲ ಋತುಗಳಲ್ಲಿ ಬದಲಾಗದೆ ಉಳಿದದ್ದು ಬೀಸುವ ಕೆಲಸ. ತವುಡುಸಹಿತ ಬೀಸಿದ ಹಿಟ್ಟು ಬಹುಕಾಲ ಕೆಡದೆ ನಿಲ್ಲುವುದಿಲ್ಲವಾದ್ದರಿಂದ ಅಂದಂದಿನದನ್ನು ಅಂದಂದೇ ಬೀಸಬೇಕು. ಅನುದಿನದ ರೊಟ್ಟಿ ಎಂಬ ಮಾತು ಅಲ್ಲಿ ಕೇವಲ ಅಲಂಕಾರವಲ್ಲ. ಕಫೆರ್ನವುಮಿನ ಉತ್ಖನನಗಳಲ್ಲಿ ಕಪ್ಪುಶಿಲೆಯ ಬೀಸುಕಲ್ಲುಗಳು ದೊರೆತಿವೆ. ಬೀಸುಕಲ್ಲನ್ನು ಒತ್ತೆಯಾಗಿ ತೆಗೆದುಕೊಳ್ಳಬಾರದು, ಅದು ಜೀವವನ್ನೇ ಒತ್ತೆಯಿಟ್ಟುಕೊಂಡಂತೆ ಎಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ನಾಡು ಹಾಳಾಗುವುದನ್ನು ಬಣ್ಣಿಸುವಾಗ ಪ್ರವಾದಿ ಯೆರೆಮೀಯ, ವಧೂವರರ ಧ್ವನಿಯೊಡನೆ ಬೀಸುಕಲ್ಲಿನ ಸದ್ದೂ ಅಡಗುವುದೆನ್ನುತ್ತಾನೆ. ಪತ್ನಿಯ ಕರ್ತವ್ಯಗಳ ಪಟ್ಟಿಯಲ್ಲಿ ಮಿಷ್ನಾ ಮೊದಲು ಹೆಸರಿಸುವುದು ಬೀಸುವುದನ್ನು, ಬಳಿಕ ರೊಟ್ಟಿ ಸುಡುವುದನ್ನು. ತವರಿನಿಂದ ಒಬ್ಬ ದಾಸಿಯನ್ನು ಕರೆತಂದವಳಿಗೆ ಮಾತ್ರ ಅದರಿಂದ ಬಿಡುಗಡೆ. ನಜರೇತಿನ ಬಡಗಿಯ ಮನೆಗೆ ದಾಸಿ ಬಂದಿರಲಾರಳು.

ಹುಳಿಹಿಟ್ಟಿನ ಸಾಮತಿಯನ್ನು ನಾನು ಎಷ್ಟೋ ಬಾರಿ ಬೋಧಿಸಿದ್ದೇನೆ. ಸ್ವರ್ಗಸಾಮ್ರಾಜ್ಯವು ಹೇಗೆ ಮೆಲ್ಲನೆ ಹರಡುವುದೆಂದು ವಿವರಿಸಿ ಮುಂದೆ ಸಾಗುತ್ತಿದ್ದೆ. ಆ ಸ್ತ್ರೀಯ ತೋಳುಗಳನ್ನು ನೆನೆದದ್ದು ತೀರ ಈಚೆಗೆ. ಅವಳು ಹುಳಿ ಬೆರೆಸಿದ್ದು ಮೂರು ಅಳತೆ ಹಿಟ್ಟಿಗೆ. ಅದು ಸುಮಾರು 40 ಲೀಟರಿನಷ್ಟೆಂದು ಬಹುಮಂದಿ ವ್ಯಾಖ್ಯಾನಕಾರರ ಲೆಕ್ಕ. ಆದಿಕಾಂಡದಲ್ಲಿ ಅಬ್ರಹಾಮನ ಮೂವರು ಅತಿಥಿಗಳಿಗಾಗಿ ಸಾರಳು ನಾದಿದ್ದೂ ಅಷ್ಟೇ. ಒಂದು ಮನೆಯ ದಿನದೂಟವಲ್ಲ ಅದು, ಇಡೀ ಓಣಿಗೆ ಸಾಕಾಗುವ ಹಿಟ್ಟು. ಅಷ್ಟನ್ನೂ ಬೀಸಿದವರು ಯಾರೆಂದು ಸಾಮತಿ ಹೇಳುವುದಿಲ್ಲ. ನಾದಿದವಳೇ ಬೀಸಿರಬೇಕು, ಕಲ್ಲಿನ ಆಚೆ ಬದಿಯಲ್ಲಿ, ಅದೇ ಗೂಟ ಹಿಡಿದು, ನೆರೆಮನೆಯವಳೊಬ್ಬಳು ಕುಳಿತಿದ್ದಳೋ ಏನೋ.